ಆಡಿನ ದೊಡ್ಡಿಯ ಅಳತೆ

ಪಿಯುಸಿಯಲ್ಲಿದ್ದಾಗ ಕಲಬುರಗಿಯ ಟ್ಯೂಷನ್ನಿನಲ್ಲಿ ಎಷ್ಟು ಹೇಳಿಕೊಟ್ಟರೂ ಕಲನಶಾಸ್ತ್ರ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಒಂದು ಭಾನುವಾರ ಕಮಲಾಪುರದ ಮನೆಗೆ ಹೋದಾಗ ಅಪ್ಪ ನಲವತ್ತು ಮೀಟರ್ ತಂತಿ ತಂದು, ಗೋಡೆಗೆ ಹೊಂದಿಸಿ ಆಡಿನ ದೊಡ್ಡಿ ಕಟ್ಟಲು ಗೂಟ ನೆಡುತ್ತಿದ್ದರು.

"ಚೌಕ ಮಾಡಿದ್ರ ಜಾಗ ಭಾಳ ಸಿಗ್ತದವ್ವಾ," ಎಂದರು.

ಗೋಡೆಯ ಕಡೆ ತಂತಿ ಬೇಕಿಲ್ಲವಲ್ಲ! ಅಗಲ x ಎಂದುಕೊಂಡೆ. ಉದ್ದ, ನಲವತ್ತರಲ್ಲಿ 2x ಕಳೆದಷ್ಟು. ಎರಡನ್ನೂ ಗುಣಿಸಿ, ಅವಕಲಿಸಿ, ಸೊನ್ನೆಗೆ ಸಮ ಮಾಡಿದೆ. x ಹತ್ತು ಬಂತು.

"ಅಗಲ ಹತ್ತು, ಉದ್ದ ಇಪ್ಪತ್ತು ಇಡ್ರಿ ಅಪ್ಪಾ. ಇನ್ನೂರು ಚದರ ಮೀಟರ್ ಆಗ್ತದ."

ಅಪ್ಪ ನಂಬದೆ ಚೌಕದ ಲೆಕ್ಕವನ್ನು ತಾವೇ ಹಾಕಿದರು. ಅದು ನೂರಾ ಎಪ್ಪತ್ತೆಂಟನ್ನೂ ಮುಟ್ಟಲಿಲ್ಲ.

"ನೀನೇ ಗೆದ್ದಿ ಬಿಡವ್ವಾ," ಎನ್ನುತ್ತ ನೆಟ್ಟ ಗೂಟ ಕೀಳತೊಡಗಿದರು. ನಾನು ಅಂಗಳದಲ್ಲಿ ಕುಣಿಯುವುದೊಂದೇ ಬಾಕಿ.