ನಾಲ್ಕನೆಯ ಬಾಚಣಿಗೆ

ನಮ್ಮ ಮನೆಯ ಕನ್ನಡಿಯ ಕೆಳಗೆ ನಾಲ್ಕು ಬಾಚಣಿಗೆಗಳಿರುತ್ತಿದ್ದವು. ನನ್ನದು, ಮಗಳದು, ಅಪ್ಪನದು ಎಂಬ ಮೂರು ಬಡಪಾಯಿ ಪ್ಲಾಸ್ಟಿಕ್ಕಿನವು. ನಮ್ಮ ಯಜಮಾನರು ಬಾಚಣಿಗೆಯ ಹಂಗು ತೊರೆದು ಬಹಳ ವರ್ಷಗಳಾದವು. ಉದ್ದನೆಯ ಉಕ್ಕಿನ ಹಲ್ಲುಗಳ ನಾಲ್ಕನೆಯದು ಬೆಲ್ಲಿಯದು. ಬೆಲ್ಲಿ ನಮ್ಮ ನಾಯಿ. ಮೊಣಕಾಲೆತ್ತರವೂ ಇಲ್ಲದ ಪುಟ್ಟ ದೇಹ, ಮೈತುಂಬ ಬೆಲ್ಲದ ಬಣ್ಣದ ಗುಂಗುರು ಕೂದಲು. ಅವಳ ಬಾಚಣಿಗೆಯನ್ನು ಬೇರೆ ಯಾರೂ ಮುಟ್ಟಕೂಡದೆಂಬುದು ನನ್ನ ಕಟ್ಟಪ್ಪಣೆ. ಶಾಲೆಯಲ್ಲಿ ನಲವತ್ತು ಮಕ್ಕಳು ಕೇಳದ ಟೀಚರಮ್ಮನ ಮಾತನ್ನು ಮನೆಯವರಾದರೂ ಕೇಳಲಿ ಎಂಬ ಆಸೆ ಅನ್ನಿ.

ಅಪ್ಪ ಜಗಳೂರು ಕಡೆಯವರು, ಆಯುಷ್ಯವೆಲ್ಲ ಕುರಿಗಳ ಹಿಂದೆ ನಡೆದವರು. ಮಂದೆಯನ್ನು ನನ್ನ ತಮ್ಮನಿಗೊಪ್ಪಿಸಿ ಹೊನ್ನಾಳಿಯ ನಮ್ಮ ಮನೆಗೆ ಬರುವಾಗ, ಉಣ್ಣೆ ಕತ್ತರಿಯೊಂದನ್ನು ಪಂಚೆಯಲ್ಲಿ ಸುತ್ತಿಕೊಂಡು ತಂದಿದ್ದರು. ಬೆಲ್ಲಿಯನ್ನು ಕಂಡ ದಿನವೇ ಅವರ ಮುಖ ಅರಳಿತು. "ಇದನ್ನ ನಾಯಿ ಅಂತೀಯಲ್ಲವ್ವ, ಕುರಿಮರಿ ಐತೆ ಇದು" ಎಂದು ನಕ್ಕರು. ಅಂದಿನಿಂದ ಅವಳ ನಿದ್ದೆ ಅವರ ಪಾದದ ಬುಡದಲ್ಲೇ.

ಹೋದ ಬೇಸಿಗೆಯ ಮೊದಲಲ್ಲಿ, ಸೆಕೆಗೆ ಅವಳು ಏದುಸಿರು ಬಿಡುವುದನ್ನು ನೋಡಲಾರದೆ, ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಅಪ್ಪ ತಾವೇ ಕೂದಲು ಕತ್ತರಿಸಲು ನಿಂತರು. ಕುರಿಯ ಕ್ರಮವೇ ಅವರ ಕ್ರಮ: ಮೊದಲು ಹೊಳೆಯಲ್ಲಿ ಮೈ ತೊಳೆಯಬೇಕು, ಒಣಗಿದ ಮೇಲೆ ಕತ್ತರಿ. ಅವಳನ್ನು ಹೊಳೆಗೆ ಒಯ್ದು ಅಂಟವಾಳದ ನೊರೆಯಲ್ಲಿ ಮೀಯಿಸಿ, ಟವೆಲಿನಿಂದ ಗಸಗಸ ಉಜ್ಜಿ, ಬಿಸಿಲಿಗೆ ಕೂರಿಸಿದರು. ಸಿಕ್ಕು ಬಿಡಿಸದೆ ನೆನೆಸಿದ ಗುಂಗುರು ಕೂದಲು ಒಣಗುತ್ತ ಒಣಗುತ್ತ ಬಿಗಿದು, ಚರ್ಮಕ್ಕೆ ಅಂಟಿದ ಗಂಟಾಗುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಕಿವಿಯ ಹಿಂದೆ ಕತ್ತರಿಯು ಗಂಟಿನ ಜೊತೆ ತುಸು ಚರ್ಮವನ್ನೂ ಹಿಡಿಯಿತು. ನಾನು ಬರುವಷ್ಟರಲ್ಲಿ ಬೆಲ್ಲಿ ಮಂಚದಡಿ ಸೇರಿದ್ದಳು, ಅಪ್ಪ ಅಂಗಳದಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಕಂಬಳಿ ಮಾಡಿಬಿಟ್ಟೆ ಕಣವ್ವ. ನೀರು ಹಾಕಿ ಉಜ್ಜಿದ್ರೆ ಉಣ್ಣೆ ಗಟ್ಟಿಯಾಗ್ತೈತೆ ಅಂತ ನನಗೆ ಗೊತ್ತಿರಲಿಲ್ಲೇನು?"

ವಾರದಲ್ಲಿ ಗಾಯ ಮಾಯಿತು. ಆದರೆ ಅಪ್ಪನ ಕೆಮ್ಮು ಕೇಳಿದರೂ ಸಾಕು, ಬೆಲ್ಲಿ ಮಂಚದಡಿ ನುಸುಳುವಳು. ಕತ್ತರಿ ಅಟ್ಟ ಸೇರಿತು. ಅಪ್ಪ ತಮ್ಮ ರೊಟ್ಟಿಯ ಕೊನೆಯ ತುಂಡನ್ನು ಮಂಚದ ಬಳಿ ಇಟ್ಟು, ತಾವಿದ್ದರೆ ಅವಳು ತಿನ್ನಲಾರಳೆಂದು ಎದ್ದು ಹೊರಗೆ ಹೋಗುತ್ತಿದ್ದರು. ಅರಿಯದವನ ತಪ್ಪಿಗೆ ಒಂದು ನೆಪವಾದರೂ ಉಂಟು. ಬಲ್ಲ ಕೈಯೇ ತಪ್ಪಿದಾಗ ಅದು ತನ್ನ ಮೇಲೇ ಮುನಿಸಿಕೊಳ್ಳುತ್ತದೆ.

ದನದ ಆಸ್ಪತ್ರೆಯ ಡಾಕ್ಟರು, ಮೊದಲು ಬಾಚಣಿಗೆ, ಆಮೇಲೆ ಸ್ನಾನ ಎಂದರು. ಗಂಟುಗಳನ್ನು ಬೇಗ ಬಿಡಿಸದಿದ್ದರೆ ಅಡಿಯ ಚರ್ಮ ಹುಣ್ಣಾಗುವುದೆಂದೂ, ಕೂದಲಿನ ಬುಡವನ್ನು ಬೆರಳಲ್ಲಿ ಹಿಡಿದು ತುದಿಯಿಂದ ಬಾಚಿದರೆ ನೋವಾಗದೆಂದೂ ಹೇಳಿದರು. ನನ್ನವ್ವ ನನಗೆ ಜಡೆ ಹಾಕುವಾಗ ಬುಡವನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದುದು ಇದಕ್ಕೇ ಎಂದು ಆಗ ಹೊಳೆಯಿತು. ಎಳೆತವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡು ಅವಳು ನನ್ನ ತಲೆಯನ್ನು ಕಾಯುತ್ತಿದ್ದಳು.

ಸಂಜೆಗೆರಡರಂತೆ ಗಂಟು ಬಿಡಿಸುತ್ತ ಬಂದೆ. ಕೊನೆಗೆ ಮುಂಗಾಲಿನ ಸಂದಿನದೊಂದು ಉಳಿಯಿತು. ಒಬ್ಬರು ಹಿಡಿಯದೆ ಅದನ್ನು ಬಿಡಿಸಲಾಗದು. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ನಾನು ಅಪ್ಪನನ್ನೇ ಕರೆದೆ.

"ನನ್ನ ಕೈ ಅದಕ್ಕೆ ಬ್ಯಾಡವ್ವ" ಎಂದರು.

"ನೀವೇ ಹಿಡೀರಿ ಅಪ್ಪ. ಬ್ಯಾರೆ ಯಾರು ಹಿಡಿದ್ರೂ ಅದರ ಹೆದರಿಕೆ ಹಂಗೇ ಉಳೀತೈತೆ" ಎಂದೆ.

ಅಪ್ಪ ಮಂಚದೆದುರು ನೆಲದ ಮೇಲೆ ಕೂತು, ನನ್ನ ಕೈಯಿಂದ ಉಕ್ಕಿನ ಬಾಚಣಿಗೆ ತೆಗೆದುಕೊಂಡು, ತಮ್ಮ ಬಿಳಿ ಮೀಸೆಯನ್ನು ಬಾಚತೊಡಗಿದರು. "ನೋಡವ್ವ, ಏನೂ ನೋಯಂಗಿಲ್ಲ" ಎಂದು ಮಂಚದಡಿಯ ಕತ್ತಲಿಗೆ ಹೇಳಿದರು. ನನ್ನ ಕಟ್ಟಪ್ಪಣೆ ನನ್ನೆದುರೇ ಮುರಿಯಿತು. ಅಂದು ಬೆಲ್ಲಿ ಬರಲಿಲ್ಲ. ಮರುದಿನ ಮೂತಿ ಕಾಣಿಸಿತು. ಮನುಷ್ಯರಿಗಾದರೆ ತಪ್ಪಾಯಿತೆಂದು ಒಂದು ಮಾತು ಹೇಳಿ ಹಗುರಾಗಬಹುದು. ಮಾತು ತಿಳಿಯದವರ ಮುಂದೆ ದಿನವೂ ಹೋಗಿ ಕೂರಬೇಕು. ಅಪ್ಪ ಕೂತರು. ಐದನೆಯ ಸಂಜೆ ಬೆಲ್ಲಿ ಹೊರಬಂದು ಬಾಚಣಿಗೆಯನ್ನು ಮೂಸಿದಳು, ಮೀಸೆಯನ್ನು ಮೂಸಿದಳು, ಅವರ ತೊಡೆಗೆ ಬೆನ್ನು ಕೊಟ್ಟು ಕೂತಳು. ಅಪ್ಪ ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದರು. ನಾನು ತುದಿಯಿಂದ ಬಾಚಿದೆ.

ಈಗ ಬೆಲ್ಲಿಯ ಮೈಯಲ್ಲಿ ಒಂದು ಗಂಟೂ ಇಲ್ಲ. ಕನ್ನಡಿಯ ಕೆಳಗೆ ಅಪ್ಪನ ಬಾಚಣಿಗೆ ಧೂಳು ತಿನ್ನುತ್ತಿದೆ. ಭಾನುವಾರ ಬೆಲ್ಲಿಯದನ್ನು ತೊಳೆಯುವಾಗ, ಬೆಲ್ಲದ ಬಣ್ಣದ ಗುಂಗುರುಗಳ ನಡುವೆ ನೆಟ್ಟನೆಯ ಬಿಳಿ ಕೂದಲೊಂದು ಸಿಗದ ವಾರವಿಲ್ಲ. ತೊಳೆದು ಒರೆಸಿ, ಇಬ್ಬರಿಗೂ ಎಟುಕಲೆಂದು ಮಂಚದ ಕಾಲಿನ ಬಳಿ ಇಟ್ಟು ಬರುತ್ತೇನೆ.