ಜೋಳ ಬಿತ್ತಿದವರು

ಗೆಳೆಯರೇ, ನನ್ನ ಪಿಎಚ್‌ಡಿ ಪ್ರಬಂಧದಲ್ಲಿದ್ದ ‘ಶಾಂತಮ್ಮ ಮತ್ತು ನಾನು ಜೋಳ ಬಿತ್ತಿದೆವು’ ಎಂಬ ಸಾಲನ್ನು ಬೀದರಿನವರಾದ ನಮ್ಮ ಗೈಡ್ ಇಂದು ಹೊಡೆದುಹಾಕಿದರು.

“ಮೇಡಂ, ವಿಜ್ಞಾನದಾಗ ಯಾರು ಬಿತ್ತಿದ್ರು ಅನ್ನೋದು ಬ್ಯಾಡ್ರಿ. ‘ಬಿತ್ತಲಾಯಿತು’ ಅಂತ ಬರೀರಿ, ಸಾಕು.”

“ಆದ್ರ ಬಿತ್ತಿದಾಕಿ ಆಕೀನ ಅಲ್ರಿ, ಸರ್?”

“ಹಂಗಾದ್ರ ಕೃತಜ್ಞತೆ ಪುಟದಾಗ ಹಾಕ್ರಿ.”

ಯಾದಗಿರಿಯಿಂದ ಕೂಲಿಗೆ ಬಂದಿದ್ದ ಶಾಂತಮ್ಮ ಎರಡು ಹಂಗಾಮು ಪ್ರಯೋಗದ ಹೊಲದಲ್ಲಿ ನನ್ನ ಜೊತೆ ದುಡಿದವಳು. ಊರಿಗೆ ಮರಳುವಾಗ, “ಅಕ್ಕಾರ, ಪುಸ್ತಕದಾಗ ನನ್ನ ಹೆಸರು ಮರೀಬ್ಯಾಡ್ರಿ ಮತ್ತ” ಎಂದಿದ್ದಳು. ಇಂದು ಮನೆಗೆ ಮರಳುತ್ತ ಈ ಮಹಾನಗರದ ಮಿಯಾಪುರ ಮೆಟ್ರೋದಲ್ಲಿ ಕೂತಾಗ, ಇನ್ನೊಮ್ಮೆ ಅವಳ ಪಕ್ಕ ಬದುವಿನ ಮೇಲೆ ಕೂತು ಅವಳ ಬುತ್ತಿಯ ರೊಟ್ಟಿ ತಿನ್ನಬೇಕೆನಿಸಿತು.

ಸಾಲನ್ನು ತಿದ್ದಿ ಕಳಿಸಿದ್ದೇನೆ. ಈಗ ಪ್ರಬಂಧದ ಪ್ರಕಾರ ಆ ಹೊಲದಲ್ಲಿ ನಾವಿಬ್ಬರೂ ಇರಲೇ ಇಲ್ಲ. ಬೆಳೆ ಮಾತ್ರ ಚೆನ್ನಾಗಿ ಬಂದಿದೆ.