ಡಾರ್ಜಿಲಿಂಗಿಗೆ ಒಂದೇ ಚೀಲ

ಮೇ ತಿಂಗಳ ಮಟಮಟ ಮಧ್ಯಾಹ್ನ, ಲೋಡ್ ಶೆಡ್ಡಿಂಗಿನಿಂದ ಫ್ಯಾನು ನಿಂತು, ಬನಿಯನ್ನೂ ಭಾರವೆನಿಸುವ ಹೊತ್ತಿನಲ್ಲಿ, ಡೊಂಬಿವಲಿಯ ಮೂರನೇ ಮಹಡಿಯ ಕನ್ನಡಿಯೆದುರು ಮಂಕಿ ಕ್ಯಾಪ್ ತೊಟ್ಟು ನಿಂತವನು ನಾನು. ಕ್ಯಾಪ್ ನನ್ನದಲ್ಲ. ಇಷ್ಟು ಒಪ್ಪಿಕೊಂಡರೆ ಮುಂದಿನದು ಸುಲಭ.

ಋತುಗಳು ಆರು ಎಂದ ಹಿರಿಯರು ಡೊಂಬಿವಲಿಯಲ್ಲಿ ಫ್ಲ್ಯಾಟು ಕೊಂಡವರಲ್ಲ. ಇಲ್ಲಿರುವುದು ಮೂರು: ಬೆವರು, ಮಳೆ, ಮಳೆಯೊಳಗಿನ ಬೆವರು. ಜನವರಿಯ ಒಂದೆರಡು ಬೆಳಗ್ಗೆ ಗಾಳಿ ಕೊಂಚ ತಣ್ಣಗಾದರೆ ಜನ ಮಫ್ಲರು ಸುತ್ತಿಕೊಂಡು ಲೋಕಲ್ ರೈಲು ಹತ್ತುತ್ತಾರೆ. ಠಾಣೆ ಸ್ಟೇಶನ್ನು ಬರುವಷ್ಟರಲ್ಲಿ ಅದರಿಂದಲೇ ಬೆವರು ಒರೆಸಿಕೊಳ್ಳುತ್ತಾರೆ. ಹೀಗಾಗಿ ಉಣ್ಣೆಬಟ್ಟೆಯನ್ನು ನಮ್ಮವರು ಆಸ್ತಿಯ ಸಾಲಿಗೆ ಸೇರಿಸಿದ್ದಾರೆ. ಯಾವಾಗಲೋ ಸಿಮ್ಲಾಕ್ಕೆ ಹೋಗುವಾಗ ಕೊಂಡು, ನಾಲ್ಕು ದಿನ ತೊಟ್ಟು, ಆಮೇಲೆ ನುಸಿಗುಳಿಗೆಗಳ ಸಹವಾಸದಲ್ಲಿ ಮಲಗಿಸುವುದು. ಬಿಲ್ಡಿಂಗಿನಲ್ಲಿ ಯಾರಾದರೂ ತಂಪಿನೂರಿಗೆ ಹೊರಟರೆ ಮಲಗಿದ್ದವೆಲ್ಲ ಎದ್ದು ಅವರ ಮನೆಗೆ ಬರಬೇಕು. ಸೊಸೈಟಿಯ ನಿಯಮಾವಳಿಯಲ್ಲಿ ಇದು ಬರೆದಿಲ್ಲ. ಪಾಲನೆಯಾಗುವ ನಿಯಮ ಇದೊಂದೇ.

ನಾವು ಹೊರಟದ್ದು ಡಾರ್ಜಿಲಿಂಗಿಗೆ. ಹಿಂದಿನ ವರ್ಷ ನನ್ನ ಹೆಂಡತಿ ವಿಮಲಾಳ ಮೊಣಕಾಲಿನ ಆಪರೇಶನ್ ಆಗಿತ್ತು. "ಒಮ್ಮೆ ಮಂಜಿನ್ಯಾಗ ನಡದು ಬರಬೇಕ್ರಿ," ಎಂದು ಹಾಸಿಗೆಯಲ್ಲಿ ಮಲಗಿಯೇ ಕೇಳಿದ್ದಳು. ಮಂಜಿಗೆ ನಾನು ಹೆದರುವವನಲ್ಲ. ಹೆದರಿಕೆ ಇದ್ದದ್ದು ಕಲ್ಯಾಣ ಸ್ಟೇಶನ್ನಿನದು. ಗಾಡಿ ಅಲ್ಲಿ ನಿಲ್ಲುವುದು ಮೂರೇ ನಿಮಿಷ. ಅಷ್ಟರಲ್ಲಿ, ಆ ನೂಕುನುಗ್ಗಲಿನಲ್ಲಿ, ಆ ಕಾಲನ್ನು ಆ ಎತ್ತರದ ಮೆಟ್ಟಿಲಿಗೆ ಏರಿಸಬೇಕು. ಆದ್ದರಿಂದ ಶಾಸನ ಹೊರಡಿಸಿದೆ: ಚೀಲ ಒಂದೇ. ನನ್ನ ಒಂದು ಕೈ ಚೀಲಕ್ಕೆ, ಇನ್ನೊಂದು ವಿಮಲಾಳಿಗೆ. ಮೂರನೆಯದನ್ನು ದೇವರು ಪಿಂಚಣಿದಾರರಿಗೆ ಮಂಜೂರು ಮಾಡಿಲ್ಲ.

ಶಾಸನ ಒಂದು ಮಧ್ಯಾಹ್ನವೂ ಬಾಳಲಿಲ್ಲ. ಮೊದಲು ಬಂದವರು ಎದುರು ಮನೆಯ ಶಕುಂತಲಕ್ಕ, ಕುಂದಾಪುರದ ಕಡೆಯವರು. ಕೈಯಲ್ಲಿ ಹಾಸಿಗೆಯಷ್ಟು ದಪ್ಪನೆಯ ಕೋಟು.

"ಬೇಡ ಅಂತ ಹೇಳ್ಬೇಡಿ ಮಾರಾಯ್ರೆ. ಅಲ್ಲಿಯ ಚಳಿ ನಿಮ್ಗೆ ಗೊತ್ತಿಲ್ಲ."

"ನಿಮಗ ಗೊತ್ತದ ಏನ್ರಿ?"

"ನಾನೆಲ್ಲಿ ಹೋದದ್ದು! ಇವ್ರು ಆಫೀಸಿನವ್ರೊಟ್ಟಿಗೆ ಹೋಗಿ ಬಂದು ಎಂಟು ದಿನ ಕೆಮ್ಮಿದ್ರು."

ಹಿಂದೆಯೇ ಕೆಳಮನೆಯ ಮರಾಠಿ ಹೆಂಗಸು ಜೋಶಿ ಕಾಕು. ಎರಡು ಸ್ವೆಟರು, ಒಂದು ಶಾಲು, ಮತ್ತು ಆ ಮಂಕಿ ಕ್ಯಾಪ್. "ಭಾವೂಜಿ, ಠಂಡಿ ಕಾನ್ ಸೆ ಘುಸ್ತೀ ಹೈ," ಎಂದರು. ಚಳಿ ಕಿವಿಯಿಂದ ಒಳನುಗ್ಗುತ್ತದಂತೆ. ತಾವೇ ನನ್ನ ತಲೆಗೆ ತೊಡಿಸಿ, ಕನ್ನಡಿ ನೋಡಿ ಬರಲು ಅಟ್ಟಿದರು. ನೋಡಿದೆ. ಬ್ಯಾಂಕಿಗೆ ನುಗ್ಗಲು ಹೊರಟು ದಾರಿ ತಪ್ಪಿದವನಂತೆ ಕಂಡೆ.

ಅವರು ಹೋದ ಮೇಲೆ, "ಅಲ್ಲಿ ಬಾಡಿಗಿಗೆ ಸಿಗ್ತಾವಂತ. ಇವನ್ನ ವಾಪಸ್ ಕೊಟ್ಟು ಬಾ," ಎಂದೆ ವಿಮಲಾಳಿಗೆ.

"ಆಪರೇಶನ್ ಆದಾಗ ತಿಂಗಳಗಟ್ಟಲೆ ಇವರಿಬ್ಬರ ಡಬ್ಬಿ ಉಂಡೀರಿ. ಆವಾಗ ಒಂದರೆ ಡಬ್ಬಿ ವಾಪಸ್ ಕೊಟ್ರ್ಯಾ?"

ಖಾಲಿ ಡಬ್ಬಿಯನ್ನಷ್ಟೇ ಕೊಟ್ಟಿದ್ದೆ.

ಉಣ್ಣೆ ಬಹಳ ಹಟಮಾರಿ. ಒತ್ತಿದರೆ ತಗ್ಗುತ್ತದೆ, ಕೈ ತೆಗೆದರೆ ಮೊದಲಿಗಿಂತ ಉಬ್ಬುತ್ತದೆ. ಚೀಲದ ಮೇಲೆ ಕುಳಿತೆ. ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸರಕು ಕಟ್ಟಿಸಿ ಊರೂರಿಗೆ ಕಳಿಸಿದವನು ಕುಳಿತಿದ್ದಾನೆ ಎಂಬ ಗೌರವವೂ ಇಲ್ಲದೆ ಜಿಪ್ಪು ಬಾಯಿ ತೆರೆಯಿತು. ನನ್ನ ಅಂಗಿಗಳನ್ನು ಒಂದೊಂದಾಗಿ ಹೊರಗೆ ಎಸೆದೆ; ವಿಮಲಾ ಒಂದೊಂದಾಗಿ ಒಳಗೆ ಇಟ್ಟಳು. ಚೀಲ ಎರಡಾದವು. ಪ್ರತಿಭಟಿಸಿ ಎರಡು ದಿನ ಮಾತು ಬಿಟ್ಟೆ. ಯಾರೂ ಗಮನಿಸಲಿಲ್ಲ.

ಹೊರಡುವ ಬೆಳಗ್ಗೆ ಬಾಗಿಲು ತೆರೆದರೆ ಶಕುಂತಲಕ್ಕನೂ ಕಾಕುವೂ ಚಪ್ಪಲಿ ಮೆಟ್ಟಿ ಸಿದ್ಧರಾಗಿದ್ದರು.

"ನೀವು ಗಡಿಬಿಡಿಯಲ್ಲಿ ಕೋಟನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟು ಹೋಗುವ ಜನ. ನಾವೇ ಹತ್ತಿಸಿ ಬರ್ತೇವೆ," ಎಂದರು ಶಕುಂತಲಕ್ಕ. ನನ್ನ ಮೇಲೆ ಇದ್ದ ವಿಶ್ವಾಸ ಅಷ್ಟು.

ಕಲ್ಯಾಣದಲ್ಲಿ ಗಾಡಿ ನಿಂತಿತು. ಇಬ್ಬರೂ ಒಂದೊಂದು ಚೀಲ ಎತ್ತಿಕೊಂಡು, ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಪಳಗಿದ ಮೊಣಕೈಗಳಿಂದ ದಾರಿ ಬಿಡಿಸಿಕೊಂಡು ಒಳಗೆ ನುಗ್ಗಿದರು. ಗಂಡಸರು ಗೋಡೆಗೆ ಅಂಟಿಕೊಂಡರು. ನನ್ನ ಲೆಕ್ಕ ತಪ್ಪಿದ್ದು ಆಗ ತಿಳಿಯಿತು. ಚೀಲ ಒಂದೇ ಇದ್ದಿದ್ದರೆ ಹಟಕ್ಕೆ ಬಿದ್ದು ನಾನೇ ಹೊರುತ್ತಿದ್ದೆ. ಎರಡಾದ್ದರಿಂದ ನನ್ನ ಎರಡೂ ಕೈ ಖಾಲಿ ಇದ್ದವು. ಎರಡನ್ನೂ ವಿಮಲಾಳಿಗೆ ಕೊಟ್ಟೆ. ಅವಳು ತುಟಿ ಕಚ್ಚಿಕೊಂಡು ಒಂದು ಮೆಟ್ಟಿಲು ಏರಿದಳು, ಮತ್ತೊಂದು ಏರಿದಳು, ಒಳಗೆ ನಿಂತಳು.

ಆ ಇಬ್ಬರು ಇಳಿದದ್ದೇ ತಡ, ಗಾಡಿ ಅಲುಗಿತು. "ಕೋಟು ನೀರಿಗೆ ಹಾಕ್ಬೇಡಿ, ಆಯ್ತಾ!" ಎಂದು ಶಕುಂತಲಕ್ಕ ಕಿಟಕಿಯ ಜೊತೆಗೇ ಓಡುತ್ತ ಕೂಗಿದರು. ಸಿಟ್ಟು ಬಂತು. ಅವರಿಗೆ ಕೈ ಮುಗಿಯಬೇಕೆಂದೂ ಅನ್ನಿಸಿತು. ಆದರೆ ವಿಮಲಾ ನನ್ನ ಎರಡೂ ಕೈಗಳನ್ನು ಇನ್ನೂ ಬಿಟ್ಟಿರಲಿಲ್ಲ.